ಹಿಮದ ಮೇಲೆ ಬಿದ್ದವಳು

ಟೀವಿಯಲ್ಲಿ ಹಿಮದ ಆಟ ಬಂದರೆ ನಾನು ಕೂತಲ್ಲಿಂದ ಏಳುವುದಿಲ್ಲ. ಒಲೆಯ ಮೇಲೆ ಸಾರು ಉಕ್ಕಿದರೂ ಇಲ್ಲ. ಮೂಡುಬಿದಿರೆಯ ಸೆಕೆಯಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಯಾವುದೋ ದೇಶದ ಬಿಳಿ ಗುಡ್ಡೆಯನ್ನು ಕಣ್ಣು ಕೀಳದೆ ನೋಡುವುದು ಮನೆಯವರಿಗೆಲ್ಲ ಒಂದು ತಮಾಷೆ. ಆದರೆ ಈ ಚಟ ಟೀವಿ ಬಂದ ಮೇಲೆ ಹಿಡಿದದ್ದಲ್ಲ. ಅರುವತ್ತರ ದಶಕದಲ್ಲಿ, ನಾನು ಮದುವೆಯಾಗಿ ಬಂದ ಹೊಸತರಲ್ಲಿ, ನಮ್ಮ ಮನೆಯಲ್ಲಿ ಇನ್ನೂ ಚಿಮಿಣಿ ದೀಪ ಉರಿಯುತ್ತಿದ್ದಾಗ ಹಿಡಿದದ್ದು.

ನನ್ನ ತವರು ಪುಂಜಾಲಕಟ್ಟೆಯ ಹತ್ತಿರ. ಗಂಡನ ಮನೆ ಮೂಡುಬಿದಿರೆಯ ಪೇಟೆ ಮುಗಿದು ಗದ್ದೆ ಸುರುವಾಗುವಲ್ಲಿ. ಅವರು ಬಂಟ್ವಾಳದ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗ್ಗೆ ಹೊರಡುತ್ತಿದ್ದರು. ಉಳಿದ ದಿನ ಮನೆಯಲ್ಲಿ ಅತ್ತೆ ಮತ್ತು ನಾನು.

ಆ ವರ್ಷದ ಮಳೆಗಾಲದಲ್ಲಿ ಅತ್ತೆ ಅಂಗಳದಲ್ಲಿ ಬಿದ್ದರು. ಆಟಿ ತಿಂಗಳಲ್ಲಿ ನಮ್ಮ ಕಡೆ ಅಂಗಳವೆಂದರೆ ಬರೀ ಪಾಚಿ. ನಡೆಯುವ ದಾರಿಗೆ ತೆಂಗಿನ ಮಡಲು ಹಾಸಿ, ಅದರ ಮೇಲೂ ಹೆಬ್ಬೆರಳು ಊರಿ ನಡೆಯಬೇಕು. ಒಣಗಲು ಹಾಕಿದ್ದ ಬಟ್ಟೆ ತೆಗೆಯಲಿಕ್ಕೆಂದು ಅತ್ತೆ ಮಡಲು ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟರು, ಅಷ್ಟೆ. ಸೊಂಟದ ಎಲುಬು ಹೋಯಿತು. ಎಲುಬು ಕಟ್ಟುವ ಪಂಡಿತರು ಎಣ್ಣೆ ಹಚ್ಚಿ ಪಟ್ಟಿ ಕಟ್ಟಿ, "ಸುಗ್ಗಿ ಹೊತ್ತಿಗೆ ಎದ್ದು ನಡೀತಾರೆ" ಅಂದರು. ಸುಗ್ಗಿ ಬಂತು. ಅತ್ತೆ ಚಾವಡಿಯ ಮಂಚದಲ್ಲೇ ಇದ್ದರು. ನಾನು ಮಂಚದ ಹತ್ತಿರವೇ ಇದ್ದೆ.

ಮಗ್ಗುಲು ಬದಲಿಸುವುದು, ಬೆನ್ನಿಗೆ ಪುಡಿ ಹಾಕುವುದು, ಬಿಸಿನೀರಿನಲ್ಲಿ ಮೈ ಒರೆಸುವುದು, ಹಾಸಿದ ಬಟ್ಟೆ ಒಗೆಯುವುದು, ಅದು ಒಣಗುವುದರೊಳಗೆ ಮತ್ತೆ ಮಗ್ಗುಲು ಬದಲಿಸುವುದು. ಅವರು ಕರೆದರೆ ಕೇಳುವಷ್ಟು ದೂರ ಮಾತ್ರ ನಾನು ಹೋಗಬಹುದಿತ್ತು. ಬಾವಿಕಟ್ಟೆಯಲ್ಲಿದ್ದರೂ ಒಂದು ಕಿವಿ ಚಾವಡಿಯಲ್ಲಿ. ತವರಿಗೆ ಹೋಗಿ ಬರುತ್ತೇನೆ ಎಂದು ಕೇಳುವ ಮಾತೇ ಇಲ್ಲ. ಅತ್ತೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಒಳಗೊಳಗೇ ಬೈದುಕೊಂಡಾದರೂ ಇರಬಹುದಿತ್ತು.

ಕೊಯ್ಲು ಮುಗಿದ ನಮ್ಮ ಗದ್ದೆಗೆ ಆ ಸಲ ಟೆಂಟು ಸಿನಿಮಾ ಬಂತು. ಗದ್ದೆ ಕೊಟ್ಟದ್ದಕ್ಕೆ ಮನೆಯ ಹೆಂಗಸರಿಗೆ ದಿನಾ ಪುಕ್ಕಟೆ ಎಂದು ಟೆಂಟಿನವರು ಹೇಳಿದರು. ಮನೆಯ ಹೆಂಗಸರೆಂದರೆ ಒಬ್ಬರಿಗೆ ಏಳಲಿಕ್ಕಾಗುವುದಿಲ್ಲ, ಇನ್ನೊಬ್ಬಳಿಗೆ ಬಿಟ್ಟು ಹೋಗಲಿಕ್ಕಾಗುವುದಿಲ್ಲ.

ನಾವು ಜೈನರು. ಹೊತ್ತು ಕಂತುವ ಮೊದಲೇ ಊಟ. ಊರಿನ ಬೇರೆ ಮನೆಗಳಲ್ಲಿ ಸಂಜೆಯ ಒಲೆ ಹೊತ್ತಿಸುವಾಗ ನಮ್ಮಲ್ಲಿ ಪಾತ್ರೆ ತೊಳೆದು ಕವುಚಿ ಆಗಿರುತ್ತಿತ್ತು. ಆಮೇಲೆ ಅತ್ತೆ ದಿಂಬಿಗೆ ಒರಗಿ ಜಪಸರ ಹಿಡಿಯುತ್ತಿದ್ದರು. ಜಪದ ನಡುವೆ ಅವರು ಯಾರನ್ನೂ ಕರೆಯುವವರಲ್ಲ. ಇಡೀ ದಿನದಲ್ಲಿ ನನ್ನನ್ನು ಯಾರೂ ಕರೆಯದ ಹೊತ್ತು ಅದೊಂದೇ. ಒಂದು ಸಂಜೆ ಅತ್ತೆಯೇ ಹೇಳಿದರು: "ಜಪ ಮುಗಿಯುವುದರೊಳಗೆ ಬರುವುದಾದರೆ ಹೋಗಿ ನೋಡಿ ಬಾ. ಮತ್ತೆ ಕೂತುಬಿಡಬೇಡ."

ಹಾಗೆ ಹೋದದ್ದು. ಲೌಡ್ ಸ್ಪೀಕರಿನ ಹಾಡು ನಿಂತು ಒಳಗಿನ ದೀಪ ಆರಿದರೂ ಕಥೆ ಕೂಡಲೇ ಸುರುವಾಗುತ್ತಿರಲಿಲ್ಲ. ನಮ್ಮ ಜನ ತಡವಾಗಿ ಬರುವವರು. ಅವರೆಲ್ಲ ಬಂದು ಕೂರುವವರೆಗೆ ಮಿಷನ್ನಿನವ ಯಾವುದೋ ಹಳೆಯ ಫಾರಿನ್ ರೀಲು ಓಡಿಸುತ್ತಿದ್ದ. ಹಿಮದ ಆಟಗಳ ರೀಲು. ಗಂಡಸರು ಬೀಡಿ ಹಚ್ಚುತ್ತಿದ್ದರು, ಹೆಂಗಸರು ಬಿದಿರಿನ ಅಡ್ಡದ ಈಚೆ ಸೆರಗು ಹಾಸಿ ಜಾಗ ಹಿಡಿಯುತ್ತಿದ್ದರು. ನೋಡುತ್ತಿದ್ದವಳು ನಾನೊಬ್ಬಳೇ. ಅದು ಮುಗಿದು ಕಥೆಯ ಹೆಸರು ಬೀಳುವಾಗ ನಾನು ಎದ್ದು ಬರಬೇಕು. ಊರಿಗೆಲ್ಲ ಕಥೆ, ನನಗೆ ಹಿಮ.

ಪಕ್ಕದ ಮನೆಯ ಅಕ್ಕ ನಗಾಡುತ್ತಿದ್ದಳು. "ಮದುವೆ ಊಟಕ್ಕೆ ಹೋಗಿ ಎಲೆ ತುದಿಯ ಉಪ್ಪು ನೆಕ್ಕಿ ಬರುವವಳು ನೀನು, ಮಾರಾಯ್ತಿ."

ಮೊದಲು ನನಗೂ ಅರ್ಥವಾಗಲಿಲ್ಲ. ಬರಬರುತ್ತಾ ಆ ಜನರೆಲ್ಲ ನೆಂಟರ ಹಾಗೆ ಪರಿಚಯವಾದರು. ಗುಡ್ಡೆಯ ತುದಿಯಿಂದ ಹಾರಿ ಗಾಳಿಯಲ್ಲಿ ಮಲಗಿದಂತೆ ಬರುವ ಉದ್ದ ಮೂಗಿನವನು, ಗಾಜಿನಂಥ ನೆಲದಲ್ಲಿ ಕೈ ಹಿಡಿದು ತಿರುಗುವ ಗಂಡ ಹೆಂಡತಿ. ಕೊನೆಗೆ ಹೆಂಗಸರ ಓಟ. ಕಾಲಿಗೆ ಹಲಗೆ ಕಟ್ಟಿ, ಎರಡು ಕೈಯಲ್ಲಿ ಕೋಲು ಹಿಡಿದು, ಬಾವುಟಗಳ ನಡುವೆ ಒಬ್ಬೊಬ್ಬರಾಗಿ ಜಾರಿ ಇಳಿಯುತ್ತಿದ್ದರು. ಅವರಲ್ಲಿ ಒಬ್ಬಳು, ತಲೆಗೆ ಪಟ್ಟೆ ಪಟ್ಟೆ ಟೊಪ್ಪಿ, ಎಲ್ಲರಿಗಿಂತ ಜೋರಾಗಿ ಬಂದು ಒಂದು ತಿರುವಿನಲ್ಲಿ ಬಲಕ್ಕೆ ಬೀಳುತ್ತಿದ್ದಳು. ಹಿಮ ಹಿಟ್ಟಿನಂತೆ ಏಳುತ್ತಿತ್ತು. ಸರಿಯಾಗಿ ಅಲ್ಲಿಗೆ ರೀಲು ಕಡಿಯುತ್ತಿತ್ತು.

ನಾನು ಬಂದು ಅತ್ತೆಯ ಮಗ್ಗುಲು ಬದಲಿಸುತ್ತಾ ಎಲ್ಲ ಹೇಳುತ್ತಿದ್ದೆ.

"ಹಲಗೆ ಅಂದರೆ? ಕಂಬಳದ ಹಲಗೆಯ ಹಾಗಾ?" ಅತ್ತೆ ಕೇಳಿದರು.

"ಹೆಚ್ಚುಕಡಿಮೆ ಹಾಗೆಯೇ ಅತ್ತೆ. ಆದರೆ ಕೋಣ ಇಲ್ಲ."

"ಕೋಣ ಇಲ್ಲದೆ ಎಳೆಯುವವರು ಯಾರು?"

"ಗುಡ್ಡೆಯೇ ಎಳೀತದೆ."

"ಹಾಗಾದರೆ ಪಾಚಿಯ ಹಾಗೆ. ಮಡಲು ಹಾಕದೆ ಬಿಟ್ಟಿದ್ದಾರೆ. ಆ ಹೆಂಗಸು ಎದ್ದಳಾ?"

"ಗೊತ್ತಿಲ್ಲ ಅತ್ತೆ. ಅಲ್ಲಿಗೆ ರೀಲು ಮುಗೀತದೆ."

ಅವತ್ತಿನಿಂದ ಅದು ನಮ್ಮಿಬ್ಬರ ಮಾತಾಯಿತು. ನಾನು ಹೊಸ್ತಿಲು ದಾಟಿ ಬರುವಾಗ ಅತ್ತೆ ಕೊನೆಯ ಮಣಿ ಕಣ್ಣಿಗೊತ್ತಿಕೊಂಡು, "ಇವತ್ತು ಎದ್ದಳಾ?" ಎನ್ನುತ್ತಿದ್ದರು. ನಾನು ಇಲ್ಲ ಎನ್ನುತ್ತಿದ್ದೆ. ರೀಲು ಅದೇ, ಬೀಳುವುದೂ ಅದೇ, ದಿನಾ ಹೊಸತಾಗಿ ಏಳಲಿಕ್ಕೆ ಹೇಗೆ ಸಾಧ್ಯ? ಇಬ್ಬರಿಗೂ ಅದು ಗೊತ್ತಿತ್ತು. ಆದರೂ ತಿರುವು ಹತ್ತಿರ ಬಂದಾಗ ನನ್ನ ಕಾಲಿನ ಹೆಬ್ಬೆರಳು ನೆಲಕ್ಕೆ ಊರುತ್ತಿತ್ತು. ಅತ್ತೆಯ ಪ್ರಶ್ನೆ ಯಾರ ಬಗ್ಗೆ ಎಂದು ನನಗೆ ತಿಳಿಯದೆ ಇರಲಿಲ್ಲ. ಪಂಡಿತರು ಬರುವುದನ್ನು ಆಗಲೇ ಕಡಿಮೆ ಮಾಡಿದ್ದರು.

ಒಮ್ಮೆ ನಾನು, "ಎದ್ದಿರಬೇಕು ಅತ್ತೆ, ಅವರೆಲ್ಲ ಗಟ್ಟಿ ಜನ" ಅಂದೆ.

"ಇರಬೇಕು ಅನ್ನುವುದು ಪಂಡಿತರ ಮಾತು. ನನಗೆ ಬೇಡ. ನೋಡಿ ಹೇಳು."

ಪತ್ತನಾಜೆ ಹತ್ತಿರ ಬಂತು. ಆ ದಿನ ಯಕ್ಷಗಾನದವರು ಗೆಜ್ಜೆ ಬಿಚ್ಚುತ್ತಾರೆ. ಮಳೆಗೆ ಮೊದಲು ಟೆಂಟೂ ಕೀಳಲೇಬೇಕು. ನಾನು ಧೈರ್ಯ ಮಾಡಿ ಮಿಷನ್ನಿನವನ ಹತ್ತಿರ ಕೇಳಿದೆ. ಅವನಿಗೆ ಆಶ್ಚರ್ಯ. "ಆ ರೀಲನ್ನು ನೋಡುವವರೂ ಉಂಟಾ ಅಕ್ಕ? ಅದು ಹರಿದು ಹೋದದ್ದು. ಮುಂದಿನ ತುಂಡು ಡಬ್ಬದಲ್ಲಿ ಉಂಟು. ಶನಿವಾರಕ್ಕೆ ಅಂಟಿಸಿ ಕೊಡ್ತೇನೆ."

ಮನೆಗೆ ಬಂದು ಹೇಳಿದೆ. ಅತ್ತೆ ಶನಿವಾರ, ಮಗ ಬಸ್ಸಿಳಿದು ಬಂದು ಅಂಗಿ ತೆಗೆಯುವುದರೊಳಗೆ, "ನನ್ನನ್ನು ಗದ್ದೆಗೆ ಕೊಂಡುಹೋಗು" ಅಂದರು.

"ಅಮ್ಮ, ನೀವು ಸಿನಿಮಾ ನೋಡುವುದಾ?" ಇವರು ನನ್ನ ಮುಖ ನೋಡಿದರು.

"ಸಿನಿಮಾ ಯಾರಿಗೆ ಬೇಕು? ಆ ಹೆಂಗಸನ್ನು ಒಮ್ಮೆ ನೋಡ್ತೇನೆ. ಮತ್ತೆ ಮನೆಗೆ ತಂದು ಹಾಕು."

ಟೆಂಟಿನ ಒಳಗೆ ಮಂಚ ಹಿಡಿಯುವ ಹಾಗಿರಲಿಲ್ಲ. ಟೆಂಟಿನವರೇ ಉಪಾಯ ಹೇಳಿದರು. ಪರದೆ ಎಂದರೆ ಬರೀ ಬಿಳಿ ಬಟ್ಟೆ, ಚಿತ್ರ ಹಿಂದಿನಿಂದಲೂ ಕಾಣುತ್ತದೆ. ಹಿಂಬದಿಯ ಟೆಂಟು ಬಟ್ಟೆ ಎತ್ತಿ ಕಟ್ಟುತ್ತೇವೆ, ನಿಮ್ಮದೇ ಗದ್ದೆ, ಅಂಚಿನ ಬದುವಿಗೆ, ಹುಣಿಗೆ, ಬಂದು ಕೂತು ನೋಡಿ ಅಂದರು. ಊಟ ಮುಗಿಸಿ, ಕಂತುವ ಬೆಳಕಿನಲ್ಲಿ ಇವರೂ ಪಕ್ಕದ ಮನೆಯ ಭಾವನೂ ಮಂಚವನ್ನೇ ಎತ್ತಿ ಗದ್ದೆಯ ಹುಣಿಗೆ ತಂದಿಟ್ಟರು. ಬಿದ್ದ ಮೇಲೆ ಅತ್ತೆ ಆಕಾಶ ನೋಡಿದ್ದು ಅದೇ ಮೊದಲು. "ಮೋಡ ಕಟ್ಟಿದೆ" ಎಂದರು, ಅಷ್ಟೆ.

ಹಿಂದಿನಿಂದ ನೋಡುವಾಗ ಎಲ್ಲ ಅದಲು ಬದಲು. ನನಗೆ ಬಾಯಿಪಾಠವಾಗಿದ್ದ ಗುಡ್ಡೆ ಆಚೆ ಬದಿಗೆ ಇಳಿಯುತ್ತಿತ್ತು. ಉದ್ದ ಮೂಗಿನವನು ಬಂದ. ಗಂಡ ಹೆಂಡತಿ ತಿರುಗಿದರು. ಆಮೇಲೆ ಪಟ್ಟೆ ಟೊಪ್ಪಿಯವಳು ಬಂದಳು. ನಾನು ಅತ್ತೆಯ ಕೈ ಮುಟ್ಟಿ "ಇವಳೇ" ಅಂದೆ. ಅವಳು ಬಿದ್ದಳು.

"ಬಲಕ್ಕೆ ಅಂದಿದ್ದೆಯಲ್ಲ. ಎಡಕ್ಕೆ ಬಿದ್ದಳು, ನನ್ನ ಹಾಗೇ" ಅಂದರು ಅತ್ತೆ.

ಪರದೆ ಒಮ್ಮೆ ಬೆಳ್ಳಗಾಗಿ ನಡುಗಿತು. ಅಂಟಿಸಿದ ತುಂಡು ಸುರುವಾಯಿತು. ಅದೇ ಗುಡ್ಡೆ, ಅದೇ ಬಾವುಟಗಳು. ತುದಿಯಿಂದ ಬೇರೊಬ್ಬಳು ಜಾರಿಕೊಂಡು ಬಂದಳು, ಬಾವುಟಗಳನ್ನು ದಾಟಿದಳು, ಕೆಳಗೆ ಜನ ಕೈ ಬೀಸಿದರು. ಅವಳ ಹಿಂದೆ ಇನ್ನೊಬ್ಬಳು. ಕೊನೆಗೆ ಗೆದ್ದವಳ ಕುತ್ತಿಗೆಗೆ ಏನೋ ಹಾಕಿ ಫೋಟೋ ತೆಗೆದರು. ಪಟ್ಟೆ ಟೊಪ್ಪಿ ಎಲ್ಲಿಯೂ ಕಾಣಲಿಲ್ಲ. ಕಥೆಯ ಹೆಸರು ಬಿತ್ತು, ತಿರುಗಿದ ಅಕ್ಷರದಲ್ಲಿ.

ಮಿಷನ್ನಿನವ ಓಡಿ ಬಂದು ಟೆಂಟಿನ ಮೂಲೆಯಲ್ಲಿ ನಿಂತ. "ಡಬ್ಬದಲ್ಲಿ ಇದ್ದದ್ದು ಅಷ್ಟೇ ಅಮ್ಮ" ಎಂದ, ತಾನೇ ಅವಳನ್ನು ಬೀಳಿಸಿದವನ ಹಾಗೆ.

ನಾನು ಅತ್ತೆಯ ಮುಖ ನೋಡಲಿಲ್ಲ. ಅತ್ತೆಯೇ ಹೇಳಿದರು. "ಅವಳು ಅಲ್ಲಿಯೇ ಇದ್ದಾಳೆ. ತೋರಿಸುವವರು ಬೇರೆ ಕಡೆ ನೋಡಿದರು. ಏಳಲಿಕ್ಕೆ ಹೊತ್ತು ಹಿಡೀತದೆ, ಅಷ್ಟು ಹೊತ್ತು ಯಾರು ಕಾಯ್ತಾರೆ?" ಆಮೇಲೆ ಮಗನ ಕಡೆ ತಿರುಗಿ, "ಎತ್ತು, ಹೋಗುವ" ಅಂದರು.

ಅತ್ತೆ ಆ ಮಳೆಗಾಲದಲ್ಲೂ ಏಳಲಿಲ್ಲ. ಅದರ ನಂತರದ್ದರಲ್ಲೂ ಇಲ್ಲ. ಈಗ ಟೀವಿಯಲ್ಲಿ ಯಾರಾದರೂ ಬಿದ್ದರೆ ನಾನು ಪರದೆಯ ಅಂಚನ್ನೇ ನೋಡುತ್ತಾ ಇರುತ್ತೇನೆ, ಗೆದ್ದವರು ಯಾರೆಂದು ಕೇಳಿದರೆ ಹೇಳಲಿಕ್ಕಾಗುವುದಿಲ್ಲ.

ಟೆಂಟು ಕಿತ್ತ ದಿನ ಹೊತ್ತು ಕಂತುವ ಮೊದಲೇ ಉಂಡೆವು. ಪಾತ್ರೆ ತೊಳೆದು ಕವುಚಿದೆ. ಗದ್ದೆಯ ಕಡೆಯಿಂದ ಹಾಡು ಇಲ್ಲ. ಇನ್ನು ನನಗೆ ಹೋಗುವ ಜಾಗವೂ ಇಲ್ಲ ಎಂದುಕೊಂಡು ಮಂಚದ ಬುಡದಲ್ಲಿ ಕೂತೆ. ಅತ್ತೆ ಜಪಸರ ತೆಗೆದುಕೊಂಡು ನನ್ನನ್ನೇ ನೋಡಿದರು.

"ಹೊತ್ತಾಯ್ತಲ್ಲ, ಹೋಗು."

"ಎಲ್ಲಿಗೆ ಅತ್ತೆ? ಟೆಂಟು ಇಲ್ಲ."

"ಗದ್ದೆ ಉಂಟಲ್ಲ." ಕಣ್ಣು ಮುಚ್ಚಿಕೊಂಡರು. ಮತ್ತೆ ಒಂದು ಕಣ್ಣು ತೆರೆದು, "ಇವತ್ತು ಜಪ ಎರಡು ಸುತ್ತು ಮಾಡ್ತೇನೆ" ಅಂದರು.

ಹೋದೆ. ಕಂಬ ಕಿತ್ತ ಗುಂಡಿಗಳು, ಕಡಲೆ ಸಿಪ್ಪೆ, ಬೀಡಿ ತುಂಡು. ಪರದೆ ಇದ್ದ ಜಾಗದಲ್ಲಿ ಮನೆಯ ಕಡೆ ಮುಖ ಮಾಡಿ ನಿಂತೆ. ಚಾವಡಿಯ ಚಿಮಿಣಿ ದೀಪ ಅಲ್ಲಿಗೆ ಕಾಣುತ್ತಿತ್ತು. ನೋಡಲಿಕ್ಕೆ ಬೇರೆ ಏನೂ ಇರಲಿಲ್ಲ. ಅತ್ತೆ ಕರೆಯುವವರೆಗೂ ಅದನ್ನೇ ನೋಡುತ್ತಾ ನಿಂತೆ. ಕರೆದ ಮೇಲೂ ಸ್ವಲ್ಪ ಹೊತ್ತು ನಿಂತೆ. ಅವರು ಎರಡನೆಯ ಸಲ ಕರೆಯದೆ ಕಾದರು.