ಹಾವಿಲ್ಲದ ದೇಶದಲ್ಲಿ ನಾಗರಪಂಚಮಿ

ಕೋವಿಡ್ ಬಂದ ವರ್ಷದ ನಾಗರಪಂಚಮಿ. ಡಾಕ್ಟರ್ ಮಗಳಿಗೆ ನೇಸ್ ಊರಿನ ಆಸ್ಪತ್ರೆಯಲ್ಲಿ ಕೋವಿಡ್ ವಾರ್ಡಿನ ಡ್ಯೂಟಿ, ಮನೆಯಲ್ಲಿ ನನಗೆ ಅವಳದೇ ದಿಗಿಲು. ಹಿತ್ತಲ ಮಣ್ಣಿನಲ್ಲೇ ನಾಗಪ್ಪನನ್ನು ಮಾಡಿ, ಅವಳ ಹೆಸರಿನಲ್ಲಿ ತನಿ ಎರೆಯಲು ಕೂತೆ. ಬೇಲಿಯಾಚೆಯಿಂದ ಪಕ್ಕದ ಮನೆಯ ಐರಿಶ್ ಗೆಳತಿ ಮೊರೀನ್ ಇಣುಕಿದಳು. ನನ್ನ ವಯಸ್ಸಿನವಳೇ, ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದವಳು.

"ಹಾವಿಗೆ ಹಾಲಾ? ಇಲ್ಲಿ ಹಾವೇ ಇಲ್ಲವಲ್ಲ!"

"ಗೊತ್ತು. ನಿಮ್ಮ ಸಂತ ಪ್ಯಾಟ್ರಿಕ್ ಓಡಿಸಿಬಿಟ್ಟನಂತಲ್ಲ," ಎಂದೆ. ಓಡಿಸಿದ ನೆಲಕ್ಕೇ ಮತ್ತೆ ಕರೆದರೆ ನಾಗಪ್ಪ ಮುನಿಸಿಕೊಳ್ಳುತ್ತಾನೇನೋ ಎಂಬ ಅಳುಕು ಬೆಳಗಿನಿಂದಲೂ ಇತ್ತು.

ಮೊರೀನ್ ನಕ್ಕಳು. "ಅದೆಲ್ಲ ಕಟ್ಟುಕತೆ ಕಣೇ. ಹಿಮಯುಗ ಮುಗಿದು ಹಾವುಗಳು ಇತ್ತ ಬರುವಷ್ಟರಲ್ಲಿ ಸುತ್ತ ಸಮುದ್ರ ತುಂಬಿತ್ತು. ಬಾರದೇ ಇದ್ದವನ್ನ ಯಾರು ಓಡಿಸ್ತಾರೆ?"

ಹಾಗಾದರೆ ಜಗಳವೇ ಆಗಿಲ್ಲ! ಹಗುರಾದ ಮನಸ್ಸಿನಿಂದ ತನಿ ಎರೆದೆ.

ಮೊರೀನ್ ಇನ್ನೂ ಅಲ್ಲೇ ನಿಂತಿದ್ದಳು. "ಹಾಲು ಉಳಿದಿದೆಯಾ? ನನ್ನ ಮಗ ಆಂಬುಲೆನ್ಸ್ ಓಡಿಸ್ತಾನೆ. ಅವನಿಗೂ ಸ್ವಲ್ಪ ಹಾಕ್ತೀಯಾ?"

ಹೆಸರು ಕೇಳಿದೆ. ಅಭ್ಯಾಸಬಲದಿಂದ ಗೋತ್ರವನ್ನೂ ಕೇಳಿ, ಅದು ಕುಲದ ಮೂಲ ಎಂದು ವಿವರಿಸಿದೆ. ಮೊರೀನ್ ಸ್ವಲ್ಪ ಯೋಚಿಸಿ, "ಕೆರಿ ಕೌಂಟಿ, ನಮ್ಮ ಹಿರಿಯರ ಜಿಲ್ಲೆ," ಎಂದಳು.

ಕೆರಿ ಗೋತ್ರೋದ್ಭವನಿಗೂ ಒಳ್ಳೆಯದಾಗಲಿ ಎಂದು ಉಳಿದ ಹಾಲನ್ನೆಲ್ಲ ಎರೆದೆ. ನಾಗಪ್ಪನೇನೂ ಆಕ್ಷೇಪಿಸಲಿಲ್ಲ.