ಸರದಿ ತಿದ್ದುವ ಹಕ್ಕು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಾಗಮಂಗಲದ ಒಂದು ಬೋರ್‌ವೆಲ್ ಏಜೆನ್ಸಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಕಿಕ್ಕೇರಿಯಿಂದ ಬಸ್ಸಿನಲ್ಲಿ ಓಡಾಟ. ಬೋರ್ ಕೊರೆಯುವ ಲಾರಿ ಇದ್ದದ್ದು ಒಂದೇ, ಕಾಯುವವರು ಬಹಳ. ಯಾರ ಹೊಲಕ್ಕೆ ಮೊದಲು, ಯಾರದಕ್ಕೆ ಆಮೇಲೆ ಎಂಬ ಸರದಿಯನ್ನು ನಾನು ಡೇಟಾಬೇಸ್‌ಗೆ ತುಂಬುತ್ತಿದ್ದೆ.

ಒಂದು ಬೆಳಿಗ್ಗೆ ರೈತ ಹೆಂಗಸೊಬ್ಬರು ನನ್ನ ಮೇಜಿನ ಮುಂದೆ ನಿಂತು ದನಿ ಎತ್ತರಿಸಿದರು. "ಮೊನ್ನೆ ನಾಕನೇದು ನಂದು ಅಂದೆ, ಈಗ ಒಂಬತ್ನೇದು ಅಂತೀಯ. ಅದ್ರೊಳಗೆ ಬರೆಯೋಳು ನೀನೇ ತಾನೆ?"

ತಿದ್ದಿದವರು ಯಾರೆಂದು ನನಗೆ ಗೊತ್ತಿತ್ತು. ನಾನು ಊಟಕ್ಕೆ ಎದ್ದಾಗಲೆಲ್ಲ ಮಾಲೀಕರ ಬಾಮೈದ ನನ್ನ ಕುರ್ಚಿಯಲ್ಲಿ ಕೂತು, ತನ್ನ ಪಾಸ್‌ವರ್ಡ್ ಒತ್ತಿ, ತನಗೆ ಬೇಕಾದವರನ್ನು ಮೇಲಕ್ಕೆ ತರುತ್ತಿದ್ದ. ಬೈಗುಳ ಮಾತ್ರ ನನಗೆ.

ಮಾಲೀಕರು, ಬಾಮೈದ, ನಾನು, ಮೂವರಿಗೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಹೆಸರು, ಪಾಸ್‌ವರ್ಡ್ ಇದ್ದವು. ಯಾರು ಏನು ಮಾಡಬಹುದೆಂದು ನಿಗದಿ ಮಾಡುವ ಅಡ್ಮಿನ್ ಕೆಲಸವನ್ನು ಮಾಲೀಕರು ನನಗೇ ಬಿಟ್ಟಿದ್ದರು. ಅವತ್ತೇ ಬಾಮೈದನ ಹೆಸರಿನಿಂದ ತಿದ್ದುವ ಹಕ್ಕನ್ನು ತೆಗೆದುಹಾಕಿದೆ. ಮರುದಿನ ನೋಡಿದರೆ ಸರದಿ ಮತ್ತೆ ಬದಲಾಗಿದೆ! ತೆಗೆದ ಹಕ್ಕು ಹೇಗೆ ವಾಪಸ್ ಬಂತು? ಒಂದೊಂದೇ ಪರದೆ ತೆರೆದು ಹುಡುಕಿದೆ. ಕೊನೆಗೆ ಸಿಕ್ಕಿತು. ಬಳಕೆದಾರರೆಲ್ಲ ತಾವಾಗಿಯೇ ಸೇರುವ ಒಂದು ಗುಂಪಿತ್ತು. ಆ ಗುಂಪಿಗೆ ಎಲ್ಲ ಹಕ್ಕೂ ಇತ್ತು. ಅವನ ಹೆಸರಿನಿಂದ ಕಿತ್ತುಕೊಂಡದ್ದು ಗುಂಪಿನ ಮೂಲಕ ಅವನಿಗೆ ಮರಳಿ ಸಿಗುತ್ತಿತ್ತು.

ಗುಂಪಿನಿಂದಲೂ ತೆಗೆದೆ. ಆಮೇಲೆ ಸ್ವಲ್ಪ ಯೋಚಿಸಿ, ನನ್ನ ಹೆಸರಿನಿಂದಲೂ ತೆಗೆದೆ. ನಾನು ಸರದಿಯ ಕೊನೆಗೆ ಹೊಸಬರ ಹೆಸರು ಸೇರಿಸಬಹುದು, ಇದ್ದದ್ದನ್ನು ತಿದ್ದುವಂತಿಲ್ಲ. ಆ ಹಕ್ಕು ಮಾಲೀಕರಿಗೆ ಮಾತ್ರ.

ಮಧ್ಯಾಹ್ನ ಬಾಮೈದ ಕೀಲಿಮಣೆ ಕುಟ್ಟಿ ಕುಟ್ಟಿ ಸಾಕಾಗಿ ನನ್ನತ್ತ ತಿರುಗಿದ.

"ನಮ್ಮ ಕಂಪ್ಯೂಟರ್‌ಗೆ ನಂಗೇ ಬೀಗ ಹಾಕ್ಬುಟ್ಯಾ?"

"ನಂಗೂ ಹಾಕ್ಕೊಂಡಿವ್ನಿ, ಅಣ್ಣ."

"ತಗೀತೀಯೋ ಇಲ್ವೋ?"

"ತಗ್ಯಕಿಲ್ಲ."

"ಅಂಗಾದ್ರೆ ನಾಳೆಯಿಂದ ಬರ್ಬ್ಯಾಡ."

"ಅದ್ನ ನಿಮ್ಮ ಬಾವ ಯೋಳ್ಲಿ."

ಸಂಜೆ ಮಾಲೀಕರು ಕರೆಸಿದರು. "ಮನೆಯವ್ನ ಮೇಲೇ ಅನುಮಾನ ಪಡ್ತೀಯೇನವ್ವಾ?"

"ಅನುಮಾನ ಅಲ್ಲ ಸಾ, ಕಣ್ಣಾರೆ ನೋಡಿವ್ನಿ. ತಿದ್ದೋರು ಅವ್ರು, ಬೈಸ್ಕೊಳ್ಳೋಳು ನಾನು. ತಿದ್ದಲೇಬೇಕು ಅಂದ್ರೆ ಜನದ ಮುಂದೆ ನೀವೇ ಕೂತು ತಿದ್ದಿ. ಅಡ್ಮಿನ್ ಪಾಸ್‌ವರ್ಡೂ ಬದಲಾಯಿಸ್ಕೊಳ್ಳಿ. ನಂಗೆ ಯೋಳ್ಬ್ಯಾಡಿ."

ಅವರು ಎದ್ದು ಬಂದು, ನಾನು ತೋರಿಸಿದ ಜಾಗದಲ್ಲಿ ಒಂದೇ ಬೆರಳಿನಲ್ಲಿ ಹೊಸ ಪಾಸ್‌ವರ್ಡ್ ಒತ್ತಿದರು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ. ಆಮೇಲೆ ಆ ಹೆಂಗಸಿನ ಹೆಸರನ್ನು ಮೊದಲಿದ್ದಲ್ಲಿಗೇ ತಂದರು.

ಬಾಮೈದ ಮಾಲೀಕರ ಕಿವಿಯಲ್ಲಿ ಪಿಸುಗುಟ್ಟುವುದನ್ನೇನೂ ಬಿಡಲಿಲ್ಲ. ಆದರೆ ಬೆಂಚಿನ ತುಂಬ ಕೂತ ಜನ ನೋಡುತ್ತಿರುವಾಗ ಒಬ್ಬರನ್ನು ಕೆಳಕ್ಕೆ ತಳ್ಳಲು ಮಾಲೀಕರಿಗೆ ಬೆರಳು ಏಳುತ್ತಿರಲಿಲ್ಲ. ಲಾರಿ ಸರದಿಯಂತೆಯೇ ಹೊರಟಿತು.

ಅವತ್ತಿನಿಂದ ಬಾಮೈದ ಆಫೀಸಿಗೆಲ್ಲ ಟೀ ಹೇಳುವಾಗ ನನ್ನೊಬ್ಬಳ ಲೋಟ ಬಿಡುತ್ತಿದ್ದ. ನಾನು ಎದುರಿನ ಹೋಟೆಲಿಂದ ನನ್ನ ಟೀ ತರಿಸಿಕೊಂಡು, ಅವನ ಎದುರಿಗೇ ಕೂತು ನಿಧಾನವಾಗಿ ಕುಡಿಯುತ್ತಿದ್ದೆ.