ವೈನಿಯ ಒಪ್ಪತ್ತು

ಆಪರೇಷನ್ ಮಾಡಿದರೆ ವೈನಿ ಮತ್ತೆ ನೆಟ್ಟಗೆ ಉಣ್ಣಬಹುದು ಎಂದು ಡಾಕ್ಟರು ನನಗೆ ಹೇಳಿದ್ದರು. ಅದನ್ನು ನಾನು ವೈನಿಗೆ ಹೇಳಲಿಲ್ಲ. ಮರೆತು ಅಲ್ಲ, ಅರ್ಥವಾಗದೆಯೂ ಅಲ್ಲ — ಬೇಕೆಂದೇ ಹೇಳಲಿಲ್ಲ.

ವೈನಿ ನನ್ನ ಅಣ್ಣನ ಹೆಂಡತಿ. ಅವ್ವ ಸತ್ತಾಗ ನಾನಿನ್ನೂ ಸಣ್ಣವನು. ಹಟ ಹಿಡಿದು ಕುಂತವನಿಗೆ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಬಾಯಿಗಿಟ್ಟವರು ಇವರೇ. ಅಣ್ಣನೂ ತೀರಿಕೊಂಡ ಮೇಲೆ ಹಿರೇಕೆರೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನಾವಿಬ್ಬರೂ ಸೇರಿ ಒಂದು ಖಾನಾವಳಿ ಹಾಕಿದೆವು. ನಾನು ರೊಕ್ಕ ಎಣಿಸುವ ಗಲ್ಲೆಯ ಮೇಲೆ, ಅವರು ಹೆಂಚಿನ ಮುಂದೆ. ಸಂತೆಯ ದಿನ ಗೋವಿನಜೋಳ ಮಾರಿ ಬಂದವರು ಬಾಗಿಲಲ್ಲೇ ಕಾಯುತ್ತಿದ್ದರು — ನನ್ನ ಮುಖ ನೋಡಲಿಕ್ಕಲ್ಲ, ಅವರು ಬಡಿದ ರೊಟ್ಟಿಗಾಗಿ. ಹಾನಗಲ್ಲು, ಶಿಗ್ಗಾಂವಿ ಕಡೆಯ ಮದುವೆಗಳಿಗೂ ಕಡಕ್ ರೊಟ್ಟಿ ನಮ್ಮಲ್ಲಿಂದಲೇ ಹೋಗುತ್ತಿತ್ತು.

ಅಂಥ ವೈನಿಗೆ ರೊಟ್ಟಿ ಇಳಿಯುತ್ತಿರಲಿಲ್ಲ. ನನಗೆ ಬಹಳ ದಿನ ಗೊತ್ತೇ ಆಗಲಿಲ್ಲ. ಎಲ್ಲರಿಗೂ ಬಡಿಸಿ, ಎಲ್ಲರದೂ ಆದ ಮೇಲೆ, ಅಡಿಗೆಮನೆಯ ಮೂಲೆಯಲ್ಲಿ ಒಬ್ಬರೇ ಉಣ್ಣುವ ಹೆಂಗಸು ಎಷ್ಟು ಉಂಡಳು ಎಂದು ನಮ್ಮಲ್ಲಿ ಯಾರು ನೋಡುತ್ತಾರೆ? ಒಂದು ಮಧ್ಯಾಹ್ನ ಹಿತ್ತಲಿಗೆ ಹೋದಾಗ ಅವರು ಗೋಡೆ ಹಿಡಿದು ಬಗ್ಗಿದ್ದರು. ನುಂಗಿದ ತುತ್ತು ನುಂಗಿದ ಹಾಗೆಯೇ ಹೊರಗೆ ಬಿದ್ದಿತ್ತು.

"ಎದ್ಯಾಗ ನಿಂತಬಿಡ್ತೈತಿ, ಕೆಳಗ ಇಳಿಯಂಗಿಲ್ಲ," ಎಂದರು. "ಯಾರ ಮುಂದೂ ಅನಬ್ಯಾಡ ತಮ್ಮಾ. ನಾಕ ಮಂದಿ ಉಣ್ಣೋ ಜಾಗಾ ಇದು."

ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಿಳಿ ಔಷಧ ಕುಡಿಸಿ ಎಕ್ಸ್-ರೇ ತೆಗೆದರು, ಬಾಯಿಯಿಂದ ನಳಿಕೆ ಇಳಿಸಿ ನೋಡಿದರು. ವೈನಿ ಒಳಗೆ ಮಲಗಿದ್ದಾಗ ಡಾಕ್ಟರು ನನ್ನನ್ನು ಕೂರಿಸಿಕೊಂಡು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಸ್ನಾಯು ಬಿಗಿದುಕೊಂಡಿದೆ, ನುಂಗಿದಾಗ ತೆರೆಯುವುದಿಲ್ಲ. ಬಲೂನು ಹಾಕಿ ಹಿಗ್ಗಿಸಬಹುದು, ಆದರೆ ಮತ್ತೆ ಮತ್ತೆ ಬರಬೇಕಾಗಬಹುದು. ಹೊಟ್ಟೆಗೆ ಸಣ್ಣ ತೂತು ಮಾಡಿ ಆ ಸ್ನಾಯುವನ್ನು ಸೀಳಿ ಸಡಿಲಿಸಬಹುದು; ಬಾಯಿಯೊಳಗಿಂದಲೇ ಹೋಗಿ ಸೀಳುವ ವಿಧಾನವೂ ಇದೆ. ಇವರಿಗೆ ಆಪರೇಷನ್ನೇ ಒಳ್ಳೆಯದು ಎಂದರು. ತಡ ಮಾಡಬೇಡಿ, ತಡವಾದಷ್ಟೂ ನಾಳ ಹಿಗ್ಗಿ ಕೆಡುತ್ತದೆ ಎಂದೂ ಹೇಳಿದರು. ಎಲ್ಲ ಕೇಳಿಸಿಕೊಂಡೆ. ಕೊನೆಯಲ್ಲಿ ನಾನು ಕೇಳಿದ ಪ್ರಶ್ನೆ ಒಂದೇ —

"ಆಮ್ಯಾಲ ರೊಟ್ಟಿ ಬಡಿಯಾಕ ಎಷ್ಟ ದಿನಕ್ಕ ಆಕ್ಕೈತ್ರಿ?"

ಕೆಲವು ವಾರ ಭಾರದ ಕೆಲಸ ಬೇಡ ಎಂದರು. ನಾನು ಮನಸ್ಸಿನಲ್ಲೇ ಮದುವೆಗಳನ್ನು ಎಣಿಸಿದೆ. ನಾಲ್ಕು ಮನೆಯವರಿಗೆ ರೊಟ್ಟಿ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. "ವಿಚಾರ ಮಾಡಿ ಬರ್ತೇವ್ರಿ" ಎಂದು, ಅಲ್ಲಿಯವರೆಗೆ ನುಂಗಲು ಅವರು ಬರೆದುಕೊಟ್ಟ ಗುಳಿಗೆಯ ಚೀಟಿ ಹಿಡಿದು ಎದ್ದುಬಿಟ್ಟೆ.

ಹಾವೇರಿಯ ಬಸ್ಸಿನಲ್ಲಿ ವೈನಿ ಕೇಳಿದರು, "ಏನಂದ್ರೋ ಡಾಕ್ಟರು? ಕೊಯ್ಯಬೇಕಂತೇನು?"

"ಏನೂ ಇಲ್ಲರಿ ವೈನಿ. ಗುಳಿಗಿ ಕೊಟ್ಟಾರ. ಆಪರೇಷನ್ ಬೇಕಾಗಿಲ್ಲ ಅಂದ್ರು."

ಅವರು ಕಣ್ಣು ಮುಚ್ಚಿ ಕಿಟಕಿಗೆ ಒರಗಿದರು. ಆ ಮುಖದಲ್ಲಿದ್ದ ಸಮಾಧಾನ — ಅದನ್ನು ನೋಡಿಯಾದರೂ ನಾನು ಬಾಯಿ ಬಿಡಬೇಕಿತ್ತು.

ಲಗ್ನದ ದಿನಗಳು ಮುಗಿಯಲಿ, ಹೇಳಿದರಾಯಿತು ಅಂದುಕೊಂಡಿದ್ದೆ. ಮುಗಿದವು. ಆಗ ಬೇರೆ ಭಯ ಹತ್ತಿತು — ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ? ಗುಳಿಗೆಯಿಂದ ಒಂದಿಷ್ಟು ಹಗುರಾದಂತೆ ಆಗುತ್ತಿತ್ತು, ಮತ್ತೆ ಮೊದಲಿನ ಹಾಗೆಯೇ. ವೈನಿಯ ರವಿಕೆಯ ತೋಳು ಸಡಿಲಾಗುತ್ತ ಬಂತು. ಗಿರಾಕಿಗಳು ಕೇಳತೊಡಗಿದರು. ನಾನು ಏನು ಹೇಳಿದೆ ಗೊತ್ತೇ? "ವೈನಿ ಒಪ್ಪತ್ತು ಹಿಡದಾರ್ರಿ. ದಿನಕ್ಕ ಒಂದಽ ಊಟ."

ಅಷ್ಟು ಸಾಕಾಯಿತು. ನಮ್ಮ ಕಡೆ ವಿಧವೆಯೊಬ್ಬಳು ವ್ರತ ಹಿಡಿದು ಸೊರಗಿದರೆ ಯಾರೂ ಆಸ್ಪತ್ರೆಯ ಮಾತು ಎತ್ತುವುದಿಲ್ಲ. ಓಣಿಯ ಹೆಂಗಸರು ಸೋಮವಾರ ಬಂದು ಅವರ ಕಾಲು ಮುಟ್ಟತೊಡಗಿದರು. ವಾಂತಿಯ ನಾಚಿಕೆಗಿಂತ ಇದು ವಾಸಿ ಎಂದು ವೈನಿಯೂ ಸುಮ್ಮನಿದ್ದರು. ಒಂದು ದಿನ ರೊಟ್ಟಿ ಬಡಿಯುತ್ತ, ತಮ್ಮಷ್ಟಕ್ಕೇ ಎಂಬಂತೆ ಅಂದರು:

"ಆ ಶಿವಗಽ ನಾ ಉಣ್ಣೂದು ಬ್ಯಾಡಾಗೈತಿ ಅನಸ್ತೈತೋ ತಮ್ಮಾ."

ನಾನು ಹಿಟ್ಟಿನ ಡಬ್ಬಿ ಅವರತ್ತ ಸರಿಸಿದೆ, ಅಷ್ಟೇ. ನನ್ನ ತಪ್ಪನ್ನು ದೇವರ ತಲೆಗೆ ಕಟ್ಟುತ್ತಿದ್ದರು, ನಾನು ಕಟ್ಟಲು ಬಿಟ್ಟೆ. ಇದನ್ನು ನೆನೆದರೆ ಈಗಲೂ ಕುಂತಲ್ಲಿ ಕೂರಲು ಆಗುವುದಿಲ್ಲ.

ಎರಡು ವರ್ಷ ಹೀಗೆಯೇ ಕಳೆದೆವು. ವೈನಿ ಮಲಗಿದಾಗ ನಾಳದಲ್ಲಿ ನಿಂತಿದ್ದ ಅನ್ನ ಶ್ವಾಸಕೋಶಕ್ಕೆ ಇಳಿದು, ಜ್ವರ, ಕೆಮ್ಮು, ಉಸಿರಿಗೆ ತ್ರಾಸು. ಮತ್ತೆ ಅದೇ ಆಸ್ಪತ್ರೆ. ಈ ಸಲ ಬೇರೆ ಡಾಕ್ಟರಮ್ಮ. ಹಳೆಯ ಫೈಲು ತಿರುವಿ ನೇರವಾಗಿ ವೈನಿಯನ್ನೇ ಕೇಳಿದರು: "ಆವಾಗಽ ಆಪರೇಷನ್ ಮಾಡಸ್ಕೋರಿ ಅಂತ ಬರದಾರ. ಯಾಕ ಬರಲಿಲ್ಲರಿ?"

ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ವೈನಿ ನನ್ನ ಕಡೆ ನೋಡಿದರು. ಬಹಳ ಹೊತ್ತಲ್ಲ — ಒಂದು ರೊಟ್ಟಿ ಮಗುಚುವಷ್ಟು ಹೊತ್ತು.

"ನಾನಽ ಅಂಜಿ ಬ್ಯಾಡಂದೆ ರೀ. ಇವಾ ಬಾಳ ಹೇಳಿದಾ."

ನಾನು ಅವರ ಹೊದಿಕೆ ಸರಿಪಡಿಸಿದೆ. ಆಗಲೂ ನಿಜ ಹೇಳಲಿಲ್ಲ.

ಜ್ವರ ಇಳಿದ ಮೇಲೆ ಆಪರೇಷನ್ ಆಯಿತು. ನಾಳ ಆಗಲೇ ಹಿಗ್ಗಿ ಸೊಟ್ಟಗಾಗಿತ್ತು; ಮೊದಲೇ ಮಾಡಿದ್ದರೆ ಬರುತ್ತಿದ್ದ ಗುಣ ಈಗ ಬರಲಿಕ್ಕಿಲ್ಲ, ಇದೂ ಸಾಲದಿದ್ದರೆ ಮುಂದೆ ನಾಳವನ್ನೇ ತೆಗೆಯುವ ದೊಡ್ಡ ಆಪರೇಷನ್ ಬೇಕಾದೀತು ಎಂದರು. ಈಗ ವೈನಿ ಗಂಜಿ ಕುಡಿಯುತ್ತಾರೆ, ಕಿವುಚಿದ ಅನ್ನ ಉಣ್ಣುತ್ತಾರೆ. ರೊಟ್ಟಿ ಮಾತ್ರ ಇಲ್ಲ. ಹೆಂಚಿನ ಮುಂದೆ ಬೇರೆ ಹೆಂಗಸು ಕೂರುತ್ತಾಳೆ. ವೈನಿ ಪಕ್ಕದಲ್ಲಿ ಮಣೆ ಹಾಕಿಕೊಂಡು, ಅಂಚು ದಪ್ಪಾತು ನೋಡು ಎಂದು ಹೇಳಿಕೊಡುತ್ತಾರೆ.

ಅವರು ನನ್ನನ್ನು ಇವತ್ತಿನವರೆಗೂ ಏನೂ ಕೇಳಿಲ್ಲ. ಕೇಳಿದ್ದರೆ ಜಗಳವಾದರೂ ಆಗುತ್ತಿತ್ತು, ನಾನು ಕಾಲಿಗಾದರೂ ಬೀಳುತ್ತಿದ್ದೆ. ಓಣಿಯವರು ಇವತ್ತಿಗೂ ಅವರ ವ್ರತವನ್ನು ಹೊಗಳುತ್ತಾರೆ, ಅವರು ತಲೆ ತಗ್ಗಿಸಿಕೊಂಡು ಕೇಳುತ್ತಾರೆ. ನಾನು ಗಲ್ಲೆಯ ಮೇಲೆ ಕುಂತು ಅದನ್ನೂ ನೋಡುತ್ತೇನೆ.

ಇದನ್ನು ಬರೆಯುತ್ತಿರುವಾಗ ಒಳಗೆ ಗಂಜಿ ಆರಲಿಕ್ಕೆ ಇಟ್ಟ ಸಪ್ಪಳವಾಯಿತು. ಅವರ ಊಟದ ಹೊತ್ತು. ಎಲ್ಲ ಹೇಳಿಬಿಡಬೇಕು — ಆದರೆ ಈಗ ಹೇಳಿದರೆ ಆ ನಾಲ್ಕು ಗುಟುಕೂ ಇಳಿಯಲಿಕ್ಕಿಲ್ಲ, ಉಂಡ ಮೇಲೆ ಹೇಳಿದರಾಯಿತು ಎಂದು...

ನೋಡಿ, ಮತ್ತೆ ಅದೇ ಮಾತು ಬಂತು.

ಇಲ್ಲ. ಪೆನ್ನು ಕೆಳಗಿಟ್ಟು ಏಳುತ್ತಿದ್ದೇನೆ. ಗಂಜಿ ಆರುವುದರೊಳಗೆ ಹೇಳುತ್ತೇನೆ. ಓಣಿಯವರಿಗೂ ನಾನೇ ಹೇಳುತ್ತೇನೆ, ವೈನಿ ಒಪ್ಪತ್ತು ಹಿಡಿದಿರಲಿಲ್ಲ, ಹಸಿದಿದ್ದರು ಎಂದು.